ಶುಕ್ರವಾರದ ಮಣ್ಣು

ರೂಬೆನ್ ಪೆಣ್‌ಕರ್ ಸುಳ್ಳು ಹೇಳುವ ಆಸಾಮಿಯಲ್ಲ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಈತನನ್ನು ಕರೆದೊಯ್ಯುತ್ತಿದ್ದರು. ಮಾರುವವನು ಎದುರಿಗೇ ನಿಂತಿರಲಿ, ಬಾನೆಟ್ಟಿಗೆ ಕಿವಿಗೊಟ್ಟು, "ಎಂಜಿನ್ ಕೆಮ್ಮಾಕತ್ತೈತಿ, ಇದನ್ನ ತಗೊಂಡ್ರ ನಿನ್ನ ಕರ್ಮ" ಎಂದು ಹೇಳಿ ನಡೆದುಬಿಡುತ್ತಿದ್ದ. ಅಂಥವನು ಅರವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ್ದ. ಹೇಳಿದ್ದು ಸ್ವಂತ ತಂಗಿಗೆ, ತಾಯಿ ಸತ್ತ ದಿನ, ಅದೂ ದೇವರ ಕಟ್ಟಳೆಯನ್ನು ಅಡ್ಡ ಇಟ್ಟುಕೊಂಡು. ಹೇಳುವುದಿದ್ದರೆ ಹತ್ತು ಸಣ್ಣ ಸುಳ್ಳು ಹೇಳಬೇಕು ಮಾರಾಯರೆ, ಇಂಥದ್ದೊಂದನ್ನು ಮಾತ್ರ ಹೇಳಬಾರದು.

ಆತ ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಪೆಣ್‌ಕರ್ ಎಂದರೆ ಜನ ಮರಾಠರು ಎಂದುಕೊಳ್ಳುತ್ತಿದ್ದರು, ರೂಬೆನ್ ಎಂದರೆ ಕ್ರೈಸ್ತರು ಎಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಅವರು ಬೆನೆ ಇಸ್ರೇಲ್ ಯಹೂದಿಗಳು. ಕೊಂಕಣದ ಕಡೆಯಿಂದ ರೈಲಿನ ನೌಕರಿ ಹಿಡಿದು ಬಂದವರು. ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಾಯಿ ಮಿಲ್ಕಾಬಾಯಿಯ ಜೊತೆ ಮಾತು ಮರಾಠಿಯಲ್ಲಿ; ಆದರೆ ರೂಬೆನ್ನನಿಗೂ ಅವನಿಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ ಸೀಪೋರಾಳಿಗೂ ಜಗಳಕ್ಕೆ, ಗುಟ್ಟಿಗೆ, ನಗುವುದಕ್ಕೆ ಓಣಿಯ ಕನ್ನಡವೇ ಬೇಕಿತ್ತು. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಮನೆಯ ಕೆಲಸವೆಲ್ಲ ಮುಗಿಯಬೇಕು, ಶನಿವಾರ ಒಲೆ ಹಚ್ಚುವ ಹಾಗಿಲ್ಲ. ಪಕ್ಕದ ಮನೆಯ ಚಿನ್ನಮ್ಮನಿಗೆ ಅದನ್ನು ಕಂಡು ಹೊಟ್ಟೆಯುರಿ: "ನಿಮ್ಮ ದೇವ್ರು ಭಾಳ ಶ್ಯಾಣ್ಯಾ ನೋಡವ್ವಾ, ಹೆಣಮಕ್ಕಳಿಗೆ ವಾರಕ್ಕ ಒಂದಿನ ಸೂಟಿ ಕೊಟ್ಟಾನ."

ರೂಬೆನ್ ಅಪ್ಪನ ಕೆಲಸವನ್ನೇ ಕಲಿತ. ಎಂಬತ್ತನಾಲ್ಕರಲ್ಲಿ ಹೆಂಡತಿ ಫ್ಲೋರಾಳನ್ನು ಕರೆದುಕೊಂಡು ಸಿಡ್ನಿಗೆ ಬಂದು ರೈಲು ರಿಪೇರಿಯ ಯಾರ್ಡು ಸೇರಿದ. ಸೀಪೋರಾ ನರ್ಸ್ ಆಗಿ ಮೆಲ್ಬರ್ನಿಗೆ ಬಂದಳು, ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿದಳು. ಮದುವೆಯಾದದ್ದು ಮೈಸೂರಿನ ಚಕ್ರಪಾಣಿಯನ್ನು. ಆಗ ಒಂದಿಷ್ಟು ರಂಪವಾಯಿತು, ಯಾರ ಮನೆಯಲ್ಲಿ ಆಗುವುದಿಲ್ಲ ಹೇಳಿ. ಮಗಳು ಇಂಚರಾ ಹುಟ್ಟಿದ ಮೇಲೆ ಎಲ್ಲರೂ ಅದನ್ನು ಮರೆತರು. ಅಪ್ಪ ತೀರಿಕೊಂಡ ಮೇಲೆ ಮಿಲ್ಕಾಬಾಯಿ ಮಗನ ಮನೆಗೆ ಬಂದಳು.

ಎರಡು ಸಾವಿರದ ಇಸವಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು. ಎರಡು ವರ್ಷ ಹಾಸಿಗೆ. ಸ್ನಾನ ಫ್ಲೋರಾಳದು, ಎತ್ತುವುದು, ಇಳಿಸುವುದು, ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಹೊರಳಿಸುವುದು ರೂಬೆನ್ನನದು. ಯಾರ್ಡಿನಲ್ಲಿ ಬೆಳಗಿನ ಶಿಫ್ಟ್ ಕೇಳಿ ಹಾಕಿಸಿಕೊಂಡ. ಒಂದು ದಿನ ಬೇಸರಪಟ್ಟವನಲ್ಲ, ಅದನ್ನು ಒಪ್ಪಲೇಬೇಕು. ಆದರೆ ಮಿಲ್ಕಾಬಾಯಿ ದಿನ ಬೆಳಗಾದರೆ ಕಣ್ಣು ಬಿಟ್ಟು ಕೇಳುತ್ತಿದ್ದದ್ದು ಒಂದೇ ಮಾತು: "ಸೀಪೂ ಬಂದಳೇನು?"

ಮೊದಮೊದಲು ನಗುತ್ತಿದ್ದ. ಆಮೇಲೆ ಚುಚ್ಚತೊಡಗಿತು. ಹೊತ್ತು ತಿರುಗುವವನು ಇಲ್ಲಿದ್ದಾನೆ, ಹೆಸರು ಮಾತ್ರ ಅಲ್ಲಿರುವವಳದು. ಐವತ್ತೇಳು ವರ್ಷದ ಗಂಡಸಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಂಬುತ್ತಾರೆಯೇ? ಅವನೇ ನಂಬಲಿಲ್ಲ. ಅದಕ್ಕೆ ಬೇರೆ ಹೆಸರು ಇಟ್ಟುಕೊಂಡ: ತಂಗಿಗೆ ತಾಯಿ ಬೇಡವಾಗಿದ್ದಾಳೆ ಎಂದ. ಅದಕ್ಕೆ ಸರಿಯಾಗಿ ಒಂದು ದಿನ ಸೀಪೋರಾ ಫೋನಿನಲ್ಲಿ, "ಅಣ್ಣಾ, ನರ್ಸಿಂಗ್ ಹೋಮಿಗೆ ಸೇರಿಸೋಣೇನು? ನಿನ್ನ ಬೆನ್ನು ಹೋದೀತೋ, ನಾ ದಿನಾ ನೋಡ್ತೀನಿ ಇಂಥಾವ್ರನ್ನ" ಎಂದಳು. ಅಣ್ಣನ ಬೆನ್ನಿನ ಚಿಂತೆಯಿಂದ ಆಡಿದ ಮಾತು. ಅವನ ಕಿವಿಗೆ ಬಿದ್ದದ್ದು ನರ್ಸಿಂಗ್ ಹೋಮ್ ಒಂದೇ. "ಅವ್ವ ನಿನಗ ಭಾರ ಆಗ್ಯಾಳ, ನನಗಲ್ಲ" ಎಂದು ಫೋನ್ ಕುಕ್ಕಿದ. ಆಮೇಲೆ ಎಂಟು ತಿಂಗಳು ಮಾತಿಲ್ಲ. ಅವಳ ಫೋನ್ ಬಂದರೆ ಫ್ಲೋರಾ ಎತ್ತುತ್ತಿದ್ದಳು, ಈ ಧೀರ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದ.

ಎರಡು ಸಾವಿರದ ಎರಡರ ಆಗಸ್ಟ್ ತಿಂಗಳು, ಒಂದು ಶುಕ್ರವಾರ. ಬೆಳಗ್ಗೆ ಗಂಜಿಯ ಚಮಚ ಬಾಯಿಗೆ ಹಿಡಿದರೆ ಮಿಲ್ಕಾಬಾಯಿ ಮುಖ ತಿರುವಿಕೊಂಡಳು. "ಸೀಪೂನ ಕೈಲೆ ಕೊಡಿಸು" ಎಂದಳು. ಅದೇ ಕೊನೆಯ ಮಾತು. ಏಳು ಗಂಟೆಗೆ ಮುಂಚೆ ಉಸಿರು ನಿಂತಿತು. ರೂಬೆನ್ ಚಮಚ ಹಿಡಿದುಕೊಂಡೇ ಕುಳಿತಿದ್ದ. ಅವನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಯಹೂದಿಗಳಲ್ಲಿ ಹೆಣವನ್ನು ಕಾಯಿಸಬಾರದು, ಆದಷ್ಟು ಬೇಗ ಮಣ್ಣು ಮಾಡಬೇಕು. ಶುಕ್ರವಾರ ಸಂಜೆಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರುವಾಗುತ್ತದೆ. ಆಮೇಲೆ ಭಾನುವಾರದವರೆಗೆ ಮಣ್ಣು ಮಾಡುವಂತಿಲ್ಲ. ಶವಸಂಸ್ಕಾರ ಮಾಡಿಸುವ ಮುದುಕ ಎಂಟಕ್ಕೆಲ್ಲ ಬಂದ. ಕುರ್ಚಿ ಎಳೆದುಕೊಂಡು ಕುಳಿತು ಮೆಲ್ಲಗೆ ಕೇಳಿದ: ದೂರದಿಂದ ಬರಬೇಕಾದ ಮಕ್ಕಳು ಯಾರಾದರೂ ಇದ್ದಾರೆಯೇ? ಇದ್ದರೆ ಭಾನುವಾರದವರೆಗೆ ಕಾಯಬಹುದು. ಮಗಳು ಬಂದು ಮುಖ ನೋಡುವುದು ಸತ್ತ ತಾಯಿಗೆ ಸಲ್ಲಿಸುವ ಮರ್ಯಾದೆ, ಅದಕ್ಕೆ ಕಟ್ಟಳೆಯಲ್ಲೇ ಅವಕಾಶವಿದೆ. ಯಾರೂ ಇಲ್ಲದಿದ್ದರೆ ಇವತ್ತೇ ಮಧ್ಯಾಹ್ನ ಎರಡಕ್ಕೆ ಮುಗಿಸೋಣ.

"ಯಾರೂ ಇಲ್ಲ" ಎಂದ ರೂಬೆನ್.

ಫ್ಲೋರಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಗಂಡನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ತನ್ನನ್ನು ತಾನೇ ಬೈದುಕೊಂಡಳು, ಅದು ಬೇರೆ ಮಾತು.

ತಂಗಿಗೆ ಫೋನ್ ಮಾಡಿದ್ದು ಹನ್ನೊಂದಕ್ಕೆ. ಅಲ್ಲಿಯವರೆಗೆ ಆ ಕೆಲಸ ಈ ಕೆಲಸ ಎಂದು ಹುಡುಕಿಕೊಂಡ. ಸೀಪೋರಾ ಒಮ್ಮೆ ಚೀರಿ, ತಡೆದುಕೊಂಡು ಕೇಳಿದಳು: "ಭಾನುವಾರಕ್ಕ ಇಡಾಕ ಬರೂದಿಲ್ಲೇನಣ್ಣಾ?"

"ನಮ್ಮ ಶಾಸ್ತ್ರದಾಗ ಇಲ್ಲವಾ. ಶಬ್ಬಾತ್ ಕೂಡೂದರೊಳಗ ಮಣ್ಣಾಗಬೇಕು."

"ಹೌದಲ್ಲ" ಎಂದಳು. ಅಣ್ಣ ಹೇಳಿದ ಮೇಲೆ ಮುಗಿಯಿತು.

ಸಿಕ್ಕಿದ ಮೊದಲ ವಿಮಾನ ಹತ್ತಿ, ಏರ್‌ಪೋರ್ಟಿನಿಂದ ಟ್ಯಾಕ್ಸಿಯಲ್ಲಿ ನೇರ ಸ್ಮಶಾನಕ್ಕೇ ಹೋದಳು. ಗಂಟೆ ನಾಲ್ಕಾಗಿತ್ತು. ಹಸಿ ಮಣ್ಣಿನ ದಿಬ್ಬ ಬಿಟ್ಟು ಅಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದಾಗ ಅವಳ ಕೋಟಿನ ತೋಳಿಗೆಲ್ಲ ಕೆಸರು. ಬಾಗಿಲಲ್ಲೇ ಅಣ್ಣನ ಕಾಲು ಹಿಡಿದಳು. "ತಡಾ ಮಾಡಿದ್ನೋ ಅಣ್ಣಾ. ಒಂದು ವಾರದ ಹಿಂದ ಬಂದಿದ್ರ ಅವ್ವ ಸಿಗ್ತಿದ್ಲು. ನಿನ್ನ ಸಿಟ್ಟಿಗೆ ಹೆದರಿ ಕೂತ್ನಿ. ನೀ ಒಬ್ಬನ ಎಲ್ಲಾ ಮಾಡ್ದಿ." ರೂಬೆನ್ ಅವಳ ತಲೆಯ ಮೇಲೆ ಕೈಯಿಟ್ಟ. ಆ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ನೆಲದ ಮೇಲೆ ಕುಳಿತು ಸೂತಕದ ಏಳು ದಿನ ಕಳೆದರು, ಜಗಳ ಕರಗಿತು, ಅಣ್ಣ ತಂಗಿ ಒಂದಾದರು. ನೋಡಿದವರು ಕಣ್ಣೊರೆಸಿಕೊಂಡರು.

ಅಲ್ಲಿಂದ ಐದು ವರ್ಷ. ಸೀಪೋರಾಳ ಉಪಚಾರವೋ ಉಪಚಾರ. ವಾರಕ್ಕೊಮ್ಮೆ ಫೋನ್, ಹಬ್ಬಕ್ಕೆ ಬಟ್ಟೆ, ಬೆನ್ನಿಗೆ ಮುಲಾಮು. ಮಗಳಿಗೆ ಹೇಳುವುದು, "ನಿಮ್ಮ ಮಾಮನಂಥಾ ಮಗಾ ಊರಿಗೊಬ್ಬ ಹುಟ್ಟಬೇಕು." ಅವಳು ಹೊಗಳಿದಷ್ಟೂ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ, ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗಿನಲ್ಲಿ ಯಾರಾದರೂ ಅಂತ್ಯಕ್ರಿಯೆಯ ಮಾತು ತೆಗೆದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದ.

ಯಹೂದಿಗಳ ಹೊಸ ವರ್ಷ ಬರುವುದು ಸೆಪ್ಟೆಂಬರ್ ಸುಮಾರಿಗೆ; ಅದರ ಹಿಂದಿನ ತಿಂಗಳು ಅವರಿಗೆ ಕ್ಷಮೆ ಕೇಳುವ ತಿಂಗಳು. ಆಮೇಲೆ ಬರುವ ಮಹಾ ಉಪವಾಸದ ದಿನ ದೇವರು ತನಗೆ ಮಾಡಿದ ತಪ್ಪನ್ನು ಮನ್ನಿಸುತ್ತಾನೆ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮನ್ನಿಸಬೇಕು, ಅದರಲ್ಲಿ ದೇವರು ಕೈ ಹಾಕುವುದಿಲ್ಲ. ರೂಬೆನ್ ಪ್ರತಿ ವರ್ಷ ಎಲ್ಲರನ್ನೂ ಕೇಳುತ್ತಿದ್ದ. ಯಾರ್ಡಿನ ಆಸ್ಟ್ರೇಲಿಯನ್ನರು "ನೋ ವರೀಸ್ ಮೇಟ್" ಎಂದು ಬೆನ್ನು ತಟ್ಟಿ ನಗುತ್ತಿದ್ದರು. ತಂಗಿಗೂ ಫೋನಿನಲ್ಲಿ, "ತಿಳಿದೋ ತಿಳೀದನೋ ಏನರ ತಪ್ಪು ಮಾಡಿದ್ರ..." ಎಂದು ಶುರುಮಾಡುತ್ತಿದ್ದ. "ನೀ ಏನ್ ತಪ್ಪು ಮಾಡೀಯೋ ಅಣ್ಣಾ, ಹುಚ್ಚಪ್ಪ" ಎಂದು ಅವಳು ಅಲ್ಲಿಗೇ ಮುಗಿಸುತ್ತಿದ್ದಳು. ಇವನೂ ಮುಗಿಸಿಬಿಡುತ್ತಿದ್ದ. ಅಂಥ ಕ್ಷಮೆ ಕ್ಷಮೆಯಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಏಳರಲ್ಲಿ ಸೀಪೋರಾ ಫೋನ್ ಮಾಡಿ, "ಮಲೀದಾ ಮಾಡಾಕತ್ತೀನಿ, ನೀ ಬಂದು ಪ್ರಾರ್ಥನಾ ಹೇಳಬೇಕು" ಎಂದಳು. ಮಲೀದಾ ಎಂದರೆ ಬೆನೆ ಇಸ್ರೇಲರ ಕೃತಜ್ಞತೆಯ ಪೂಜೆ ಅನ್ನಿ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ ಕಲಸಿ, ಸುತ್ತ ಐದು ಬಗೆಯ ಹಣ್ಣಿಟ್ಟು, ಗುಲಾಬಿ ಎಸಳು ಉದುರಿಸಿ, ಪ್ರವಾದಿ ಎಲಿಯಾಹುವಿನ ಹಾಡು ಹೇಳುತ್ತಾರೆ. ಮರದ ಹಣ್ಣಿಗೊಂದು, ನೆಲದಲ್ಲಿ ಬೆಳೆದದ್ದಕ್ಕೊಂದು, ಸುವಾಸನೆಗೊಂದು ಎಂದು ಬೇರೆ ಬೇರೆಯಾಗಿ ದೇವರಿಗೆ ಉಪಕಾರ ಹೇಳಿದ ಮೇಲೆಯೇ ಬಾಯಿಗೆ. ಹರಕೆ ತೀರಿದಾಗ ಮಾಡುವುದು. "ಯಾವ ಹರಕೀನವಾ?" ಎಂದು ಕೇಳಿದ. "ನೀನು ನನ್ನ ಜೋಡಿ ಮೊದಲಿನಂಗ ಮಾತಾಡಿದ್ರ ಮಲೀದಾ ಮಾಡ್ತೀನಿ ಅಂತ ಆಗ ಹೊತ್ತಿದ್ನಿ. ಐದು ವರ್ಷ ತಡಾ ಆತು" ಎಂದಳು.

ಫ್ಲೋರಾಳಿಗೆ ಮೊಣಕಾಲು ನೋವು, ಹೊರಡಲಿಲ್ಲ. ಅಂಗಿ ಇಸ್ತ್ರಿ ಮಾಡಿ ಕೊಡುತ್ತಾ ಐದು ವರ್ಷದಲ್ಲಿ ಮೊದಲ ಸಲ ಆ ಮಾತು ತೆಗೆದಳು: "ಹೇಳೂದಾದ್ರ ಹೇಳ್ರಿ. ಇಲ್ಲಾಂದ್ರ ಆಕಿ ಕೈಲೆ ಮಲೀದಾ ತಿನಬ್ಯಾಡ್ರಿ. ಅದು ದಕ್ಕೂದಿಲ್ಲ."

ಹೊಸ ವರ್ಷಕ್ಕೆ ಮೊದಲಿನ ಭಾನುವಾರ ರೂಬೆನ್ ಮೆಲ್ಬರ್ನಿನಲ್ಲಿ ಇಳಿದ. ಸೀಪೋರಾ ಗೇಟಿನ ಹತ್ತಿರವೇ ನಿಂತಿದ್ದಳು. ಚಕ್ರಪಾಣಿ ಬ್ಯಾಗ್ ಇಸಿದುಕೊಳ್ಳುತ್ತಾ ನಕ್ಕ: "ಭಾವ, ನಿಮ್ಮ ಫ್ಲೈಟ್ ಸಿಡ್ನಿ ಬಿಡೋಕೆ ಮುಂಚೆನೇ ಇವಳು ಇಲ್ಲಿ ಬಂದು ನಿಂತಿದಾಳೆ. ಡ್ಯೂಟಿಗೂ ಹಾಗೇ, ಒಂದು ಗಂಟೆ ಮುಂಚೆ ಹೋಗಿ ಕಾರ್ ಪಾರ್ಕಲ್ಲಿ ಕೂತಿರ್ತಾಳೆ. ಅತ್ತೆ ಹೋದಾಗಿನಿಂದ ಇದೇ ಕಥೆ. ಎಲ್ಲಿ ಲೇಟಾಗುತ್ತೋ ಅಂತ ಪ್ರಾಣ ಬಿಡ್ತಾಳೆ."

"ಸುಮ್ನಿರ್ರೀ" ಎಂದಳು ಸೀಪೋರಾ, ನಾಚಿಕೆಯಿಂದ.

ಇಷ್ಟು ದಿನ ರೂಬೆನ್ ತನ್ನ ಎದೆಯ ಮುಳ್ಳನ್ನಷ್ಟೇ ನೋಡಿಕೊಂಡಿದ್ದ. ತಾನು ಸುಳ್ಳು ಹೇಳಿದ್ದೇನೆ, ತನಗೆ ನಿದ್ದೆಯಿಲ್ಲ, ತನಗೆ ಅನ್ನ ಸೇರುವುದಿಲ್ಲ, ಎಲ್ಲ ತನ್ನದೇ. ಆ ಸುಳ್ಳನ್ನು ದಿನಾ ಹೊತ್ತುಕೊಂಡು ಕಾರ್ ಪಾರ್ಕಿನಲ್ಲಿ ಕುಳಿತಿದ್ದವಳು ಇವಳು. ಥೂ ನಿನ್ನ, ಎಂದು ತನಗೆ ತಾನೇ ಅಂದುಕೊಂಡ.

ಬಾಕ್ಸ್ ಹಿಲ್‌ನ ಮನೆಯ ಹಾಲಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಕನ್ನಡ ಸಂಘದವರು, ಆಸ್ಪತ್ರೆಯ ಗೆಳತಿಯರು. ಅಡುಗೆಮನೆಯಲ್ಲಿ ಸೀಪೋರಾ ಅವಲಕ್ಕಿ ಕಲಸುತ್ತಿದ್ದಳು. ಇಂಚರಾ ಇಣುಕಿ, "ಮಾಮಾ, ಶಲ್ ಐ ಪುಟ್ ದ ರೋಸ್ ಪೆಟಲ್ಸ್ ನೌ?" ಎಂದಳು. "ಹಾಕವಾ, ಹಾಕು" ಎಂದು ಅವಳನ್ನು ತಟ್ಟೆಯ ಸಮೇತ ಕಳಿಸಿ, ರೂಬೆನ್ ಬಾಗಿಲು ಮುಂದೆ ಮಾಡಿದ.

"ಮೊದಲ ಉಪಕಾರ ಪ್ರವಾದಿಗೆ" ಎನ್ನುತ್ತಿದ್ದಳು ಸೀಪೋರಾ, ಕೈ ಅವಲಕ್ಕಿಯಲ್ಲಿಯೇ. "ಎರಡನೇದು ನಿನಗ. ಎಲ್ಲಾರ ಮುಂದ ಹೇಳಾಕಿ ಇದ್ದೀನಿ. ನಾ ತಡಾ ಮಾಡಿದ್ನಿ, ನಮ್ಮಣ್ಣ—"

"ನೀ ತಡಾ ಮಾಡಲಿಲ್ಲ" ಎಂದ ರೂಬೆನ್. "ಭಾನುವಾರದ ಮಟಾ ಇಡಾಕ ಬರ್ತಿತ್ತು. ಆ ಮುದುಕ ತಾನ ಕೇಳಿದ, ದೂರದಿಂದ ಬರೋ ಮಕ್ಕಳದಾರೇನಂತ. ಯಾರೂ ಇಲ್ಲ ಅಂದ್ನಿ. ಶಾಸ್ತ್ರ ಅಲ್ಲವಾ ಅದು, ನನ್ನ ಹೊಟ್ಟೆಕಿಚ್ಚು. ಅವ್ವ ದಿನಾ ನಿನ್ನ ಕೇಳ್ತಿದ್ಲು. ಸಾಯೂ ಮುಂಜಾನೆನೂ ನಿನ್ನ ಹೆಸರ ತಗೊಂಡ್ಲು. ನನಗ ತಡಕೊಳ್ಳಾಕ ಆಗಲಿಲ್ಲ."

ಸೀಪೋರಾ ಕಲಸುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದ, ಬೈದರೆ ಬದುಕಿಕೊಳ್ಳುತ್ತಿದ್ದ. ಅವಳು ಸಣ್ಣ ಹುಡುಗಿಯ ಹಾಗೆ ಕೇಳಿದಳು:

"ಹಂಗಾರ ನಾ ತಡಾ ಮಾಡಿರಲಿಲ್ಲೇನು?"

"ಇಲ್ಲವಾ."

ಅವಳ ಮುಖದಲ್ಲಿ ಮೊದಲು ಮೂಡಿದ್ದು ನಿರಾಳ. ಐದು ವರ್ಷದ ಹೊರೆ ಇಳಿದ ನಿರಾಳ. ಅದನ್ನು ನೋಡಿದ್ದೇ ರೂಬೆನ್ನನಿಗೆ ಆದ ಶಿಕ್ಷೆ. ಬೇರೆ ಯಾವುದೂ ಅಷ್ಟು ಸುಡಲಿಲ್ಲ. ಸಿಟ್ಟು ಆಮೇಲೆ ಬಂತು. ಬಂದಾಗ ಅವಳು ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ತೊಳೆದು, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು.

"ನನ್ನ ಮನ್ನಿಸವಾ" ಎಂದ.

"ಇಲ್ಲ." ಅವಳು ಟವೆಲನ್ನು ಮಡಿಸಿಟ್ಟಳು. "ಮಣ್ಣಿಗೆ ಗಲ್ಲ ಹಚ್ಚಿ ಬಂದೀನೋ ನಾ. ಅವ್ವನ ಮಾರಿ ಇನ್ನೂ ಎರಡು ದಿನ ಇರ್ತಿತ್ತು, ನೀ ಮುಚ್ಚಿಬಿಟ್ಟಿ. ಮೂರು ಸಲ ಕೇಳಬೇಕಲ್ಲ ನಮ್ಮವರು, ಕೇಳು. ಇದು ಒಂದು ಆತು."

ಕಟ್ಟಳೆ ಅದೇ. ನೊಂದವರನ್ನು ಮೂರು ಸಲ ಮನಸಾರೆ ಕೇಳಬೇಕು. ಮೂರು ಸಲವೂ ಇಲ್ಲ ಎಂದರೆ ಕೇಳಿದವನ ಋಣ ಹರಿಯಿತು, ಅವನು ಬಿಡುಗಡೆಯಾದ.

"ನಾ ಹೊರಡ್ತೀನಿ. ಮಲೀದಾ ಹೇಳೂ ಯೋಗ್ಯತೆ ನನಗಿಲ್ಲ" ಎಂದು ಅವನು ಬಾಗಿಲಿಗೆ ಕೈ ಹಾಕಿದ.

"ಕೂಡು" ಎಂದಳು ಸೀಪೋರಾ. "ನಾ ಹೇಳ್ತೀನಿ. ನೀ ಆಮೆನ್ ಅನ್ನು."

ತಟ್ಟೆ ಹಿಡಿದು ಹಾಲಿಗೆ ನಡೆದಳು. ಹಾಡು ಹೇಳಿದಳು, ಹಣ್ಣು ಹಣ್ಣಿಗೂ ಉಪಕಾರ ಹೇಳಿದಳು. ಮೂಲೆಯ ಕುರ್ಚಿಯಲ್ಲಿ ಕುಳಿತು ಅಣ್ಣ ಆಮೆನ್ ಎನ್ನುತ್ತಿದ್ದ. ಕೊನೆಗೆ ಸೀಪೋರಾ ಬಂದವರ ಕಡೆಗೆ ತಿರುಗಿದಳು. ರೂಬೆನ್ ಕಣ್ಣು ಮುಚ್ಚಿಕೊಂಡ.

"ನಮ್ಮಣ್ಣ ನಮ್ಮವ್ವನ್ನ ಎರಡು ವರ್ಷ ಎತ್ತಿ ಇಳಿಸ್ಯಾನ. ಮೈಮ್ಯಾಲೆ ಒಂದು ಹುಣ್ಣಾಗಗೊಡಲಿಲ್ಲ. ನಾ ನರ್ಸ್ ಇದ್ದೀನಿ, ಅದು ಎಷ್ಟು ಕಷ್ಟ ಅಂತ ನನಗ ಗೊತ್ತು. ಅದಕ್ಕ ಈ ಮಲೀದಾ." ಅಷ್ಟೇ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಮೊದಲ ಪಾಲನ್ನು ಎಲೆಗೆ ಹಾಕಿ ಅಣ್ಣನ ಕೈಗೆ ಕೊಡುವಾಗ, ಅವನಿಗಷ್ಟೇ ಕೇಳುವಂತೆ ಹೇಳಿದಳು: "ಮಾಡಿದ ಉಪಕಾರ ಸುಳ್ಳಲ್ಲ, ಮಾಡಿದ ತಪ್ಪೂ ಸುಳ್ಳಲ್ಲ. ಉಪಕಾರಕ್ಕ ಇದನ್ನ ತಿನ್ನು. ತಪ್ಪಿಗೆ ಇನ್ನೂ ಟೈಮ್ ಬೇಕು ನನಗ."

ಅವನು ತಿಂದ. ಅತ್ತುಕೊಂಡೇ ತಿಂದ. ಏಲಕ್ಕಿ ನೆತ್ತಿಗೆ ಹತ್ತಿತೆಂದು ಚಕ್ರಪಾಣಿ ಪಾಪ ನೀರು ತಂದುಕೊಟ್ಟ.

ಮಹಾ ಉಪವಾಸಕ್ಕೆ ಎರಡು ದಿನವಿರುವಾಗ ಬ್ಲ್ಯಾಕ್‌ಟೌನಿನಿಂದ ಎರಡನೇ ಸಲ ಕೇಳಿದ. "ಇಲ್ಲಣ್ಣಾ, ಇನ್ನೂ ಇಲ್ಲ" ಎಂದಳು. ಫೋನ್ ಇಡಲಿಲ್ಲ ಮಾತ್ರ. "ಅವತ್ತ ಅವ್ವಗ ಯಾವ ಬಟ್ಟಿ ಹಾಕಿದ್ರು, ಹೇಳು" ಎಂದಳು. ಬಿಳಿ ಬಟ್ಟೆ ಎಂದು ಹೇಳಿದ. ಕೂದಲು ಯಾರು ಬಾಚಿದರು, ಮಣ್ಣು ಮೊದಲು ಯಾರು ಹಾಕಿದರು, ಮಳೆಯಿತ್ತೇ, ಎಲ್ಲ ಕೇಳಿದಳು. ನೆನಪಿದ್ದಷ್ಟನ್ನೂ ಹೇಳಿದ. ಮುಂದಿನ ವಾರವೂ ಫೋನ್ ಮಾಡಿದ, ಅದರ ಮುಂದಿನ ವಾರವೂ. ಅಷ್ಟರಲ್ಲಿ ಉಪವಾಸ ಬಂದು ಹೋಗಿತ್ತು. ಆ ವರ್ಷ ಅವನು ಕ್ಷಮೆ ಸಿಗದೆಯೇ ಉಪವಾಸ ಮಾಡಿದ.

ಡಿಸೆಂಬರಿನಲ್ಲಿ ಒಂದು ದಿನ ಮಾತಿನ ನಡುವೆ ಅವಳೇ ಕೇಳಿದಳು: "ಮೂರನೇ ಸಲ ಯಾವಾಗ ಕೇಳ್ತಿ?"

"ಕೇಳೂದಿಲ್ಲವಾ."

"ಯಾಕ?"

"ಕೇಳಿ, ನೀ ಇಲ್ಲ ಅಂದ್ರ ಶಾಸ್ತ್ರ ನನ್ನ ಬಿಟ್ಟುಬಿಡತೈತಿ. ಶಾಸ್ತ್ರ ಹಿಡ್ಕೊಂಡು ಒಮ್ಮೆ ಪಾರಾಗೀನಿ. ಇನ್ನೊಮ್ಮೆ ಬ್ಯಾಡ."

ಲೈನ್ ಕಟ್ಟಾಯಿತೇನೋ ಎಂದು ರೂಬೆನ್ ಫೋನನ್ನು ಕಿವಿಯಿಂದ ತೆಗೆದು ನೋಡಿದ, ಮತ್ತೆ ಕಿವಿಗೆ ಹಿಡಿದ.

"ಫೋನ್ ಮಾತ್ರ ತಪ್ಪಿಸಬ್ಯಾಡ" ಎಂದಳು ಸೀಪೋರಾ. "ಹೇಳು, ಅವ್ವ ನನ್ನ ಹೆಸರ ತಗೊಂಡಾಗ ಏನಂದ್ಲು? ಆಕಿ ಅಂದಂಗ ಹೇಳು."